ಗಾಳಿ ಇಳಿಯದ ಚೆಂಡು

ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಫುಟ್‌ಬಾಲ್ ಇದೆ. ಗೂಡು ಇರುವುದು ದೀಪಕ್ಕೆ. ದೀಪ ಈಗ ಕೆಳಗೆ ಸ್ಟೂಲಿನ ಮೇಲೆ ಉರಿಯುತ್ತದೆ, ಚೆಂಡು ಮೇಲೆ ಕೂತಿದೆ. ದಾವಣಗೆರೆಯ ಆನೆಕೊಂಡದಲ್ಲಿದ್ದ ಹಳೇ ಮನೆಯಲ್ಲೂ ಹೀಗೇ ಇತ್ತು. ನಾವು ಎಸ್.ಎಸ್. ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಅವ್ವ ಹೇಳಿದ್ದು ಒಂದೇ ಮಾತು: "ಅಡಿಗೆಮನೆ ಸಣ್ಣದಾದ್ರೂ ಚಿಂತಿಲ್ಲ, ಗೂಡು ಮಾತ್ರ ಚೆಂಡು ಹಿಡಿಯಂಗೆ ಮಾಡ್ರಿ." ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಮರಳಿನ ಗುಡ್ಡೆ ನೋಡಿದೆ.

ಬಂದವರು ಕೇಳುತ್ತಾರೆ, ಮನೆಯಲ್ಲಿ ಯಾರು ಆಡುವವರು ಎಂದು. ನಮ್ಮವ್ವ ಎನ್ನುತ್ತೇನೆ. ಅವ್ವನಿಗೆ ತೊಂಬತ್ತು ಹತ್ತಿರವಾಗಿದೆ, ಕಣ್ಣು ಕಾಣದೆ ಬಹಳ ಕಾಲವಾಯಿತು. ಬಂದವರು ನಗುತ್ತಾರೆ, ಆಮೇಲೆ ನಾನು ನಗದಿರುವುದನ್ನು ನೋಡಿ ಕಾಫಿ ಲೋಟದೊಳಗೆ ಮುಖ ಇಳಿಸುತ್ತಾರೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಟ್ರಂಕ್ ಕಾಲ್ ಕಾಲದಲ್ಲಿ ಊರಿನ ಬೈಗುಳವನ್ನೆಲ್ಲ ಕಿವಿಗೆ ಕಟ್ಟಿಕೊಂಡು ಕೂತವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನನ್ನ ಗಂಡ ಹೇಳುತ್ತಾನೆ, ಅದು ಸುಳ್ಳಲ್ಲ. ದೆವ್ವ ಭೂತದ ಮಾತು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಆದರೂ ಆ ಗೂಡಿಗೆ ಬೆನ್ನು ಹಾಕಿ ನಾನು ಇವತ್ತಿಗೂ ಕೂರುವುದಿಲ್ಲ. ಬೇಸಿಗೆಯ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಆ ಚೆಂಡಿನ ಚರ್ಮ ಕಿರ್ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಸೆಕೆಗೆ ಒಳಗಿನ ಗಾಳಿ ಹಿಗ್ಗುತ್ತದೆ, ಅಷ್ಟೇ. ಅದು ಗೊತ್ತಿದ್ದೂ, ಅಣ್ಣ ಮಗ್ಗುಲು ಬದಲಿಸಿದ ಎಂದೇ ಅನ್ನಿಸುತ್ತದೆ.

ಯಾಕೆಂದರೆ ಆ ಗಾಳಿ ಅಣ್ಣ ಊದಿದ್ದು. ಅಣ್ಣ ಸತ್ತು ನಲವತ್ತು ವರ್ಷದ ಮೇಲಾಯಿತು.

ಈಗಿನವರಿಗೆ ಆ ಚೆಂಡು ಹೇಗಿತ್ತೆಂದು ಹೇಳಬೇಕು. ಹೊರಗೆ ದಪ್ಪ ಚರ್ಮ, ಒಳಗೆ ರಬ್ಬರಿನ ಬ್ಲ್ಯಾಡರ್. ಬ್ಲ್ಯಾಡರಿಗೆ ಕಿರುಬೆರಳಿನಷ್ಟು ಒಂದು ಕೊಳವೆ. ಅದಕ್ಕೆ ಗಾಳಿ ತುಂಬಿ, ಕೊಳವೆಯನ್ನು ದಾರದಿಂದ ಬಿಗಿದು ಮಡಚಿ ಒಳಗೆ ತಳ್ಳಿ, ಚರ್ಮದ ಬಾಯಿಯನ್ನು ಬೂಟಿನ ಹಾಗೆ ಲೇಸಿನಿಂದ ಹೊಲಿಯಬೇಕು. ಎಲ್ಲರೂ ಪಂಪಿನಿಂದ ತುಂಬುತ್ತಿದ್ದರು. ಅಣ್ಣ ಕೆಲಸಕ್ಕಿದ್ದ ಬಟ್ಟೆ ಮಿಲ್ಲಿನ ಕ್ಲಬ್ಬಿನಲ್ಲಿ ಮಾತ್ರ ಕ್ಯಾಪ್ಟನ್ ಬಾಯಿಂದ ಊದಬೇಕು. ಯಾವಾಗಲೋ ಪಂಪು ಕೆಟ್ಟ ದಿನ ಒಬ್ಬ ಕ್ಯಾಪ್ಟನ್ ಬಾಯಿಂದ ಊದಿ ಆಟ ಗೆದ್ದನಂತೆ, ಅಂದಿನಿಂದ ಪಂಪಿಗೆ ರಜೆ. ಅಣ್ಣ ಕ್ಯಾಪ್ಟನ್ ಆದ ಮೇಲೆ ಆಟದ ದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ಕೆನ್ನೆ ಉಬ್ಬಿಸಿ ಊದುತ್ತಿದ್ದ. ಕಣ್ಣು ಕೆಂಪಾಗುತ್ತಿತ್ತು, ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ನಾನು ನಗಿಸಲು ನೋಡುತ್ತಿದ್ದೆ. ನಕ್ಕರೆ ಗಾಳಿ ಪುಸ್ಸೆಂದು ಹೋಗುತ್ತಿತ್ತು, ಅವನು ಚಪ್ಪಲಿ ಎಸೆಯುತ್ತಿದ್ದ.

ಆ ಕ್ಲಬ್ಬಿನ ಚರಿತ್ರೆ ಬರೆಯುವವರು ಯಾರೂ ಇಲ್ಲ, ನಾನೇ ನಾಲ್ಕು ಮಾತು ಬರೆಯುತ್ತೇನೆ. ಅಜ್ಜನ ಕಾಲದಲ್ಲಿ ಮಿಲ್ಲಿಗೆ ಯಂತ್ರಗಳು ಬಂದದ್ದು ಇಂಗ್ಲೆಂಡಿನ ಒಂದು ಬಟ್ಟೆಗಿರಣಿಯ ಊರಿನಿಂದ. ಅವನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಫಿಟ್ಟರ್ ಬಂದ. ಸಂಜೆ ಹೊತ್ತು ಹೋಗದೆ ಮಿಲ್ಲಿನ ಹಿಂದಿನ ಬಯಲಲ್ಲಿ ಕೂಲಿಕಾರರಿಗೆ ಚೆಂಡು ಒದೆಯಲು ಕಲಿಸಿದ. ತನ್ನೂರಿನ ಸಣ್ಣ ಕ್ಲಬ್ಬಿನ ಬಣ್ಣವನ್ನೇ ಇವರಿಗೂ ಹೊಲಿಸಿದ: ಅರ್ಧ ಕೆಂಗಂದು, ಅರ್ಧ ಬಿಳಿ. ಅವನು ಬಿಟ್ಟುಹೋದ ಇನ್ನೊಂದು ವಸ್ತು ಒಂದು ಕಟ್ಟಳೆ. ಆಟ ಗೆದ್ದರೂ ಸೋತರೂ ಮುಗಿದ ಕೂಡಲೇ ಕ್ಯಾಪ್ಟನ್ ತಾನೇ ಚೆಂಡಿನ ಗಾಳಿ ಬಿಡಬೇಕು. ಡ್ರಾ ಆದರೆ ಬಿಡಬಾರದು. ಡ್ರಾ ಆದ ಆಟ ಇನ್ನೊಮ್ಮೆ ಆಡುವವರೆಗೆ ಜೀವಂತ, ಅದೇ ಉಸಿರಿನಲ್ಲಿ ಮತ್ತೆ ಆಡಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಊರವರು ಮಿಲ್ಲಿನವರನ್ನು ಆಡಿಕೊಳ್ಳುತ್ತಿದ್ದರು. ಆದರೂ ಭಾನುವಾರ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಬಯಲಿನ ಸುತ್ತ ಕೂರುತ್ತಿದ್ದವರೂ ಅವರೇ. ಬಯಲಿನ ಹುಲ್ಲಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಕೂತಿರುತ್ತಿತ್ತು. ಆಟ ಮುಗಿದು ಬಂದ ಅಣ್ಣನ ರೆಪ್ಪೆಯ ಮೇಲೂ ಹತ್ತಿ ಇರುತ್ತಿತ್ತು.

ಹೋದ ವರ್ಷ ನನ್ನ ಸೊಸೆ ಮೊಬೈಲಿನಲ್ಲಿ ಹುಡುಕಿ ಆ ಇಂಗ್ಲೆಂಡಿನ ಕ್ಲಬ್ಬನ್ನು ತೋರಿಸಿದಳು. ಅದೂ ಸತ್ತುಹೋಗಿದೆ. ಗಿರಣಿ ಮುಚ್ಚಿತು, ಹಿಂದೆಯೇ ಕ್ಲಬ್ಬು ಮುಚ್ಚಿತು, ಆಟದ ಬಯಲು ಈಗ ಒಂದು ದೊಡ್ಡ ಅಂಗಡಿಯ ಕಾರು ನಿಲ್ಲಿಸುವ ಜಾಗ. ಕಪ್ಪುಬಿಳುಪು ಫೋಟೋದಲ್ಲಿ ಮೀಸೆ ಹೊತ್ತವರು ಕೈಕಟ್ಟಿ ನಿಂತಿದ್ದರು, ಅರ್ಧ ಕಪ್ಪು ಅರ್ಧ ಬಿಳಿ ಅಂಗಿ ಹಾಕಿಕೊಂಡು. ನಮ್ಮ ಬಯಲಿನ ಮೇಲೆ ಈಗ ಮನೆಗಳೆದ್ದಿವೆ, ಒಂದು ಕಲ್ಯಾಣ ಮಂಟಪ ಇದೆ. ಅಲ್ಲಿ ಊಟಕ್ಕೆ ಕೂತಾಗಲೆಲ್ಲ ಇದು ಗೋಲಿನ ಬಾಯಿ, ಇದು ಮೂಲೆ ಎಂದು ಲೆಕ್ಕ ಹಾಕುತ್ತಾ ಕೂರುತ್ತೇನೆ, ಎಲೆಯ ಮೇಲಿನ ಅನ್ನ ಆರಿಹೋಗುತ್ತದೆ.

ಕೊನೆಯ ಆಟ ನಡೆದದ್ದು ಹರಿಹರದಲ್ಲಿ, ಹೊಳೆಯ ಹತ್ತಿರದ ಬಯಲಿನಲ್ಲಿ, ಅಲ್ಲಿನ ಕಾರ್ಖಾನೆಯವರ ಮೇಲೆ. ಮಿಲ್ಲು ಮುಚ್ಚುತ್ತದೆಂಬ ಸುದ್ದಿ ಆಗಲೇ ಎಲ್ಲರ ಬಾಯಲ್ಲಿತ್ತು. ಆಟ ಡ್ರಾ ಆಯಿತು. ಮುಂದಿನ ಭಾನುವಾರ ದಾವಣಗೆರೆಯಲ್ಲಿ ಮತ್ತೆ ಆಡುವುದೆಂದು ಮಾತಾಯಿತು. ನಮ್ಮ ಗೋಲ್‌ಕೀಪರ್ ಹರಿಹರದವನೇ. ಸಾಬರ ಮನೆಯ ಹುಡುಗ. ಮಿಲ್ಲಿನಲ್ಲಿ ಹತ್ತಿಯ ಬೇಲು ಬಿಚ್ಚಿ ಧೂಳು ಹಾರಿಸುವ ವಿಭಾಗದಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಅಣ್ಣನಿಗೆ ಜೀವದ ಗೆಳೆಯ. "ಉಂಡು ಹೋಗು, ಅಮ್ಮಿ ಅಡಿಗೆ ಮಾಡ್ಯಾಳೆ" ಎಂದು ಅವನು ಸೈಕಲ್ಲಿನ ಹ್ಯಾಂಡಲ್ ಹಿಡಿದನಂತೆ. ಅಣ್ಣ ಬಿಡಿಸಿಕೊಂಡು ಹೊರಟ. ಚೆಂಡು ಬಲೆಚೀಲದಲ್ಲಿ ಹ್ಯಾಂಡಲ್ಲಿಗೆ ತೂಗುತ್ತಿತ್ತು, ಡ್ರಾ ಆದ ಆಟದ ಗಾಳಿ ಅದರೊಳಗೇ ಇತ್ತು. ಹೆದ್ದಾರಿಯಲ್ಲಿ ಲಾರಿ ಬಂದು ಬಡಿಯಿತು.

ಚೆಂಡು ಸಿಕ್ಕಿದ್ದು ಮರುದಿನ. ರಸ್ತೆಯ ಪಕ್ಕದ ಗದ್ದೆಯಲ್ಲಿ, ಭದ್ರಾ ನಾಲೆಯ ನೀರು ನಿಂತ ಹೊಸ ನಾಟಿಯ ನಡುವೆ ತೇಲುತ್ತಿತ್ತಂತೆ. ಹುಡುಕಿ ತಂದವನು ಗೋಲ್‌ಕೀಪರ್. ಅಣ್ಣನನ್ನು ಮಣ್ಣು ಮಾಡಿ ಬಂದು ನಾವೆಲ್ಲ ಅಂಗಳದಲ್ಲಿ ಕೂತಿದ್ದೆವು. ಅವನು ಚೆಂಡನ್ನು ಅವ್ವನ ಮಡಿಲಿಗೆ ಹಾಕಿದ. ಅವ್ವ ಅದನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕಲ್ಲಿನ ಹಾಗಿತ್ತು.

"ನನ್ನ ಮಗನ ಉಸಿರು ಇನ್ನೂ ಇದರಾಗೆ ಐತೆ," ಎಂದಳು.

ಮುಂದಿನ ಭಾನುವಾರದೊಳಗೆ ಮಿಲ್ಲಿನ ಗೇಟಿಗೆ ಬೀಗ ಬಿತ್ತು. ಯಾರೂ ಮತ್ತೆ ಆಡಲಿಲ್ಲ. ಕೆಲವರು ಊರು ಬಿಟ್ಟರು, ಕೆಲವರು ಆಟೋ ಹಿಡಿದರು, ಕೆಲವರು ಕುಡಿದರು. ಕ್ಲಬ್ಬು ಮುಚ್ಚಿದೆ ಎಂದು ಯಾರೂ ಹೇಳಲೂ ಇಲ್ಲ. ಹೇಳುವ ಹಕ್ಕಿದ್ದವನು ಕ್ಯಾಪ್ಟನ್ ಒಬ್ಬನೇ, ಅವನು ಗಾಳಿ ಬಿಟ್ಟಿರಲಿಲ್ಲ. ಆಟ ಇನ್ನೂ ಮುಗಿದಿಲ್ಲ ಎಂಬಂತೆ ಚೆಂಡು ನಮ್ಮ ಗೂಡಿನಲ್ಲಿ ಕೂತಿತು. ಅವ್ವ ದಿನಾ ಸ್ನಾನ ಮಾಡಿ ಬಂದು ಮೊದಲು ಚೆಂಡು ಒತ್ತಿ ನೋಡುತ್ತಿದ್ದಳು, ಆಮೇಲೆ ದೀಪ. ಒಮ್ಮೆ ನಮ್ಮ ಸೋದರಮಾವ, ಸತ್ತವರ ವಸ್ತು ಹೀಗೆ ಮನೆಯಲ್ಲಿ ಇಡಬಾರದು, ಹೊಳೆಗೆ ಬಿಟ್ಟುಬಿಡಿ ಎಂದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಅದು ಇಳಿದ ದಿನ ನಾನೂ ಇಳೀತೀನಿ. ಆವಾಗ ಎರಡನ್ನೂ ಒಟ್ಟಿಗೆ ಬಿಡ್ರಿ." ಮಾವ ಮತ್ತೆ ಆ ಸುದ್ದಿ ಎತ್ತಲಿಲ್ಲ. ನಾನು ಮಾತ್ರ ಆ ಮಾತನ್ನು ಮರೆಯಲಿಲ್ಲ.

ಗೋಲ್‌ಕೀಪರ್ ಬರುವುದನ್ನು ಬಿಡಲಿಲ್ಲ. ತಿಂಗಳ ಮೊದಲ ಭಾನುವಾರ ಅವನು ತಪ್ಪದೆ ಬರುತ್ತಿದ್ದ. ಚರ್ಮ ಒಣಗಿದರೆ ಸೀಳುತ್ತದೆ, ಎಣ್ಣೆ ಹಚ್ಚಬೇಕು ಎನ್ನುತ್ತಿದ್ದ. ಧೂಳು ಕೂರಬಾರದೆಂದು ಹಿತ್ತಲ ಜಗಲಿಗೆ ಹೋಗಿ, ಬಾಗಿಲು ಎಳೆದುಕೊಂಡು, ಒಬ್ಬನೇ ಕೂತು ಹಚ್ಚುತ್ತಿದ್ದ. ಎಣ್ಣೆ ಕುಡಿದ ಚರ್ಮ ಬಿಗಿಯುತ್ತದೆ ಎಂದು ಅವನೇ ಹೇಳಿದ್ದ, ನಾನೂ ನಂಬಿದ್ದೆ. ಅವನು ಹೋದ ಮೇಲೆ ಚೆಂಡು ಹೊಸದಾಗಿ ಬಿಗಿದಿರುತ್ತಿತ್ತು.

ಆದರೆ ಅವ್ವ ಅವನಿಗೆ ಒಂದು ಕೆಲಸ ಮಾಡಿಸುತ್ತಿದ್ದಳು, ಅದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವನು ಬಂದ ಕೂಡಲೇ ಹಿತ್ತಲಲ್ಲಿ ತಂಬಿಗೆ ನೀರು ಇಡುವಳು. "ಮೊದ್ಲು ಬಾಯಿ ತೊಳಕೊಂಡು ಬಾರಪ್ಪ. ಆಮೇಲೆ ಚೆಂಡು ಮುಟ್ಟು." ಅವನು ಹೋಗಿ ಮುಕ್ಕಳಿಸುತ್ತಿದ್ದ. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಬಂದವ್ರಿಗೆಲ್ಲ ಬಾಯಿ ತೊಳಸ್ತೀವೇನವ್ವಾ ನಾವು? ಅವನು ಸಾಬರವನು ಅಂತ ತಾನೆ ನಿನ್ನ ಮಡಿ?" ಎಂದು ಅವನಿಗೆ ಕೇಳದ ಹಾಗೆ ಹಲ್ಲು ಕಚ್ಚಿ ಕೇಳಿದೆ. "ನಿನಗೆ ತಿಳಿಯಂಗಿಲ್ಲ, ಸುಮ್ನಿರು" ಎಂದಳು. ನಾನು ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ. ಅವನ ಕೆಲಸ ಮುಗಿದ ಮೇಲೆ ಅವ್ವ ಹಾಲು ಕಾಯಿಸಿ, ಕಾಳುಮೆಣಸು ಕುಟ್ಟಿ ಹಾಕಿ ಕೊಡುತ್ತಿದ್ದಳು. ಅದೂ ಅಣ್ಣನ ಕಂಚಿನ ಲೋಟದಲ್ಲಿ. ಮಡಿ ನೋಡುವವಳು ಮಗನ ಲೋಟ ಯಾಕೆ ಕೊಡುತ್ತಾಳೆ ಎಂದು ನನಗೆ ಆಗ ಹೊಳೆಯಲಿಲ್ಲ.

ವರ್ಷಗಳು ಹೀಗೇ ಹೋದವು. ನನ್ನ ಮದುವೆಯಾಯಿತು, ಅಪ್ಪ ಹೋದ, ಅವ್ವ ನಮ್ಮೊಂದಿಗೆ ಬಂದು ನಿಂತಳು, ಚೆಂಡೂ ಬಂತು. ಗೋಲ್‌ಕೀಪರನ ಗಡ್ಡ ಬೆಳ್ಳಗಾಯಿತು. ಬಾಗಿಲಲ್ಲಿ ಕೆಮ್ಮು ಕೇಳಿ ಬೀಡಿಯ ವಾಸನೆ ಬಂದರೆ ಅವನು ಬಂದನೆಂದು ತಿಳಿಯುತ್ತಿತ್ತು.

ಈ ಮಳೆಗಾಲದಲ್ಲಿ ಅವನು ಒಂದು ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಅಬ್ಬಾಗೆ ಕೆಮ್ಮು ಜಾಸ್ತಿ ಎಂದು ಅವನ ಮಗಳು ಫೋನ್ ಮಾಡಿದಳು. ಅವ್ವನಿಗೆ ಹೇಳಿ ಸುಮ್ಮನೆ ಕೊರಗಿಸುವುದೇಕೆ ಎಂದು ನಾನು ಬಾಯಿ ಬಿಡಲಿಲ್ಲ. ಅವಳು ದಿನಾ ಕೇಳುತ್ತಿದ್ದಳು: "ಈ ಸಲ ಅವನು ಬರ್ಲಿಲ್ಲಲ್ಲ?" ನಾನು ಮಳೆ ಎಂದೆ, ಹಬ್ಬ ಎಂದೆ, ರೈಲು ಎಂದೆ. ಅವಳ ಊಟ ಕಡಿಮೆಯಾಯಿತು. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದಳು. ಆಮೇಲೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿಯಿತು, ನಾಳೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ದಿನ ನಾನು ಮನೆಗೆ ಬಂದು ಗೂಡು ಒರೆಸಲು ಹೋದೆ. ಚೆಂಡಿಗೆ ಬಟ್ಟೆ ತಾಗಿಸಿದೆ. ಬೆರಳು ಒಳಗೆ ಹೋಯಿತು.

ಹಾವು ತುಳಿದವಳ ಹಾಗೆ ಹಿಂದೆ ಸರಿದೆ. ಮತ್ತೆ ಮುಟ್ಟಿದೆ. ಹಣ್ಣಾಗಿ ಕೊಳೆಯುತ್ತಿರುವ ಪರಂಗಿಯ ಹಾಗೆ ಮೆತ್ತಗಾಗಿತ್ತು. ನಾಳೆ ಬೆಳಿಗ್ಗೆ ಅವ್ವ ಬಂದು ಮೊದಲು ಮಾಡುವ ಕೆಲಸ ಇದನ್ನು ಒತ್ತುವುದು. ಅದು ಇಳಿದ ದಿನ ನಾನೂ ಇಳೀತೀನಿ ಎಂದ ಮಾತು ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಎಕ್ಸ್‌ಚೇಂಜಿನಲ್ಲಿ ಎಷ್ಟೋ ಸಾವಿನ ಸುದ್ದಿ ನನ್ನ ಕಿವಿಯ ಮೂಲಕ ಹಾದುಹೋಗಿದೆ, ಯಾವತ್ತೂ ಕೈಯಲ್ಲಿದ್ದ ಕೆಲಸ ಬಿಟ್ಟಿರಲಿಲ್ಲ. ಅವತ್ತು ಒರೆಸುವ ಬಟ್ಟೆಯನ್ನು ಗೂಡಿನಲ್ಲೇ ಬಿಟ್ಟೆ. ಅವ್ವನ ಹತ್ತಿರ ಕೂರಲು ಗಂಡನಿಗೆ ಹೇಳಿ, ಚೆಂಡನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಹೊರಟೆ.

ಮೊದಲು ಹೋದದ್ದು ಸೈಕಲ್ ಶಾಪಿಗೆ. ಅಂಗಡಿಯವನು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದಕ್ಕ ಪಿನ್ ಹಾಕಾಕ ತೂತೇ ಇಲ್ಲಲ್ರೀ ಮೇಡಂ. ಎಲ್ಲಿ ಸಿಕ್ತು ಇದು, ಮ್ಯೂಸಿಯಮ್ಮಿನಾಗೆ? ಒಗೀರಿ ಅತ್ಲಾಗೆ, ಹೊಸದು ತರಿಸಿ ಕೊಡ್ತೀನಿ."

"ನಿಮ್ಮಜ್ಜ ಹಳಬ ಆದ ಅಂತ ಅವನ್ನೂ ಒಗದ್ಯಾ?" ಎಂದು ಬೈದು ಚೆಂಡು ಕಿತ್ತುಕೊಂಡೆ. ಅಂಗಡಿಯ ಮುಂದಿದ್ದವರೆಲ್ಲ ನೋಡಿದರು, ನೋಡಲಿ.

ಹರಿಹರದ ಬಸ್ಸು ಹತ್ತಿದೆ. ಅಣ್ಣ ಬಿದ್ದ ಜಾಗ ಬಂದಾಗ ನಾನು ಯಾವಾಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ರಸ್ತೆ ಅಗಲವಾಗಿದೆ, ಮೇಲ್ಸೇತುವೆ ಬಂದಿದೆ, ಜಾಗ ಯಾವುದೆಂದು ಈಗ ಖಚಿತವಾಗಿ ಹೇಳಲಾರೆ. ಆದರೂ ಮೈ ಹೇಳುತ್ತದೆ. ಅವತ್ತು ಮಡಿಲಲ್ಲಿ ಚೆಂಡಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದರೊಳಗಿನ ಉಳಿದ ಗಾಳಿ ಅತ್ತಿತ್ತ ಸರಿಯುವುದು ಅಂಗೈಗೆ ಗೊತ್ತಾಗುತ್ತಿತ್ತು. ಸಾಯುತ್ತಿರುವ ಯಾರನ್ನೋ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೇನೆ ಅನ್ನಿಸಿತು. ನನಗೆ ಭಯವಾಯಿತು, ನಿಜವಾದ ಭಯ.

ಅವನ ಮನೆ ಹೊಳೆಗೆ ಇಳಿಯುವ ಕಡೆಯ ಒಂದು ಓಣಿಯಲ್ಲಿ. ಮಗಳು ಬಾಗಿಲು ತೆಗೆದು, "ಬರ್ರಿ, ಕೂಡ್ರಿ" ಎಂದು ಒಳಗೆ ಕರೆದಳು. ಅವನು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಮೂಗಿಗೆ ಸಣ್ಣ ಕೊಳವೆ, ಪಕ್ಕದಲ್ಲಿ ಗೊರಗೊರ ಎನ್ನುವ ಆಕ್ಸಿಜನ್ ಮಷೀನು. ಗೋಲಿನ ಮುಂದೆ ಕೈ ಚಾಚಿ ನಿಂತರೆ ಗೋಲೇ ಕಾಣುತ್ತಿರಲಿಲ್ಲ ಎಂದು ಅಣ್ಣ ಹೇಳುತ್ತಿದ್ದ ಆಳು. ಈಗ ಎದೆಗೂಡು ಎಣಿಸುವ ಹಾಗಿತ್ತು. ಹತ್ತಿಯ ಧೂಳು ಅಷ್ಟು ವರ್ಷ ಒಳಗೆ ಕೂತು, ಈಗ ಸುಂಕ ಕೇಳುತ್ತಿದೆ ಎಂದು ಮಗಳು ಹೇಳಿದಳು.

ನಾನು ಚೀಲದಿಂದ ಚೆಂಡು ತೆಗೆದೆ. ಅವನು ಅದನ್ನು ನೋಡಿದವನೇ ಕಣ್ಣು ಮುಚ್ಚಿಕೊಂಡ.

"ಅವ್ವಾರು ಮುಟ್ಟಿದ್ರೇನು?"

"ಇಲ್ಲ. ಆಸ್ಪತ್ರಿಯಾಗೆ ಅದಾಳೆ. ನಾಳೆ ಬರ್ತಾಳೆ. ಇದು ಯಾಕ ಹಿಂಗಾತು? ಎಣ್ಣಿ ಹಚ್ಚಿದ್ರೆ ಸರಿ ಆಗ್ತೈತೇನು?"

ಅವನು ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದ. "ಎಣ್ಣಿಗೆ ಚೆಂಡು ಬಿಗಿಯಂಗಿಲ್ಲ ತಂಗೆಮ್ಮ. ನಾನು ಊದ್ತಿದ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಸಿಟ್ಟು ನೆತ್ತಿಗೇರಿತು. ಕಾಯಿಲೆಯವನ ಮುಂದೆ ಹೀಗೆ ಮಾತಾಡಬಾರದು, ಆದರೂ ಆಡಿದೆ. "ನಲವತ್ತು ವರ್ಷ ನಮ್ಮವ್ವ ನಿನ್ನ ಉಸಿರಿಗೆ ದೀಪ ಹಚ್ಚಿದ್ಲಾ? ಮಗನ ಉಸಿರು ಅಂತ ದಿನಾ ಮುಟ್ಟಿ ಮುಟ್ಟಿ ಜೀವ ಹಿಡಕೊಂಡ್ಲಲ್ಲೋ! ಹಿಂಗೆ ಮೋಸ ಮಾಡ್ತಾರೇನು?"

ಅವನ ಮಗಳು ತಲೆ ತಗ್ಗಿಸಿದಳು. ಅವನು ತಗ್ಗಿಸಲಿಲ್ಲ. "ಕೂಡು, ಹೇಳ್ತೀನಿ" ಎಂದ.

ದಿನಕರ್ಮ ಮುಗಿದ ಮೇಲೆ ಅವನು ಮೊದಲ ಸಲ ಎಣ್ಣೆ ಹಚ್ಚಲು ಬಂದದ್ದು ನಿಜಕ್ಕೂ ಎಣ್ಣೆಗೇ ಅಂತೆ. ಕೈಗೆ ತೆಗೆದುಕೊಂಡಾಗ ಚೆಂಡು ಒಂದು ಚೂರು ಸಡಿಲಾಗಿತ್ತು. ಇನ್ನೆರಡು ವಾರಕ್ಕೆ ಅವ್ವನ ಹೆಬ್ಬೆರಳಿಗೆ ತಿಳಿಯುತ್ತದೆ ಎಂದು ಅವನಿಗೆ ಹೊಳೆಯಿತು. ಹಿತ್ತಲ ಬಾಗಿಲು ಎಳೆದುಕೊಂಡು ಲೇಸು ಬಿಚ್ಚಿದ, ಕೊಳವೆಯ ದಾರ ಸಡಿಲಿಸಿದ.

"ಪುಸ್ ಅಂತ ಗಾಳಿ ಬಂದು ನನ್ನ ಮಕಕ್ಕೆ ಬಡೀತು," ಎಂದ. "ಬೆಚ್ಚಗಿತ್ತು. ಖರೇನೇ ಬೆಚ್ಚಗಿತ್ತು ತಂಗೆಮ್ಮ, ಬಿಸಿಲಿಗೋ ಏನೋ. ಗಾಳಿ ಬಿಟ್ರೆ ಆಟ ಮುಗೀತು ಅಂತ ಅಲ್ಲೇನು ನಮ್ಮ ಕಟ್ಟಳೆ? ಕ್ಯಾಪ್ಟನ್ ಬಿಡದೆ ಇರೋದನ್ನ ನಾನು ಹೆಂಗೆ ಬಿಡ್ಲಿ? ಬಾಯಿ ಇಟ್ಟು ಪೂರಾ ಒಳಗೆ ಎಳಕೊಂಡೆ. ಎದಿಯಾಗೆ ಹಿಡಕೊಂಡೆ. ಆಮೇಲೆ ಅದರ ಮೇಲೆ ನಂದು ಸೇರಿಸಿ ವಾಪಸ್ ಊದಿದೆ. ಬ್ಲ್ಯಾಡರು ಹರಿದಾಗ್ಲೂ ಹಂಗೇ. ಹಳೇದ್ರಾಗಿಂದು ಎಳಕೊಂಡು ಹೊಸದಕ್ಕೆ. ಒಂದು ಸಲಾನೂ ಹೊರಗೆ ಬಿಟ್ಟಿಲ್ಲ. ಈಗ ಅದರಾಗೆ ಇರೋದು ಅವಂದೋ ನಂದೋ ಅಂತ ನನಗೂ ತಿಳಿಯಂಗಿಲ್ಲ."

ಅವನೇ ಸೇರಿಸಿದ: "ಅವತ್ತು ಅವನು ಉಂಡು ಹೋಗಿದ್ರೆ ಲಾರಿ ಮುಂದೆ ಹೋಗಿರ್ತಿತ್ತು. ಸೈಕಲ್ ಹ್ಯಾಂಡ್ಲು ನಾನು ಗಟ್ಟಿಯಾಗಿ ಹಿಡೀಲಿಲ್ಲ. ಚೆಂಡು ಬಿಟ್ಟವನಲ್ಲ ನಾನು, ಅವನ್ನ ಬಿಟ್ಟೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಳು ಬಂತು. ಅವನ ಮುಂದೆ ಅಣ್ಣನಿಗಾಗಿ ನಾನು ಅತ್ತದ್ದು ಅದೇ ಮೊದಲು.

ಆಮೇಲೆ ಅವನು ಮಂಚದ ಮೇಲೆ ಟವೆಲು ಹಾಸಿಸಿ ಚೆಂಡು ಇಡಿಸಿದ. ಲೇಸು ಬಿಚ್ಚುವುದು ಹೇಗೆಂದು ಬೆರಳು ತೋರಿಸಿ ಹೇಳಿದ, ನಾನು ಬಿಚ್ಚಿದೆ. ಕೊಳವೆ ಹೊರಗೆ ಬಂತು. "ದಾರ ಬಿಚ್ಚೋಕ್ಕಿಂತ ಮುಂಚೆ ಬಾಯಿ ತೊಳಕೊಂಡು ಬಾ," ಎಂದ. "ಅವ್ವಾರು ನನಗೆ ಹಂಗೇ ಮಾಡಿಸ್ತಿದ್ರು. ಏನೋ ಅವರ ಮಡಿ. ಚಲೋ ಪದ್ಧತಿ, ಬಿಡಬ್ಯಾಡ." ನಾನು ಬಚ್ಚಲಿಗೆ ಹೋಗಿ ಮುಕ್ಕಳಿಸಿ ಬಂದೆ.

"ಮೊದ್ಲಿಂದು ನಂದು," ಎಂದು ಅವನು ಮೂಗಿನ ಕೊಳವೆ ತೆಗೆದ. ಮಗಳು "ಅಬ್ಬಾ, ಬ್ಯಾಡ" ಎಂದು ಕೈ ಹಿಡಿದಳು. "ಒಂದೇ ಬೇಟಾ, ಬಸ್" ಎಂದ. ನಾನು ದಾರ ಸಡಿಲಿಸಿದೆ, ಅವನು ಬಾಯಿ ಇಟ್ಟು ಎಳೆದುಕೊಂಡ, ಊದಿದ. ಬ್ಲ್ಯಾಡರು ಮುಷ್ಟಿಯಷ್ಟು ಎದ್ದಿತು. ನಾನು ಕೊಳವೆ ಗಟ್ಟಿಯಾಗಿ ಹಿಂಡಿ ಹಿಡಿದೆ. ಅವನು ದಿಂಬಿಗೆ ಬಿದ್ದ, ಮಗಳು ಗಡಿಬಿಡಿಯಿಂದ ಮಷೀನಿನ ಕೊಳವೆ ಮೂಗಿಗೆ ಇಟ್ಟಳು. ಅವನ ತುಟಿ ನೀಲಿಯಾಗಿತ್ತು. ಆದರೂ ಕೈಯಾಡಿಸಿ, ಈಗ ನೀನು, ಎಂದ.

ನಾನು ಬಾಯಿ ಇಟ್ಟೆ. ರಬ್ಬರು, ಎಣ್ಣೆ, ಎಲ್ಲೋ ದೂರದಲ್ಲಿ ಬೀಡಿ. ಬೆರಳು ಸಡಿಲಿಸಿದ ಕ್ಷಣ ಒಳಗಿನದು ಹೊರನುಗ್ಗಿ ನನ್ನ ಗಂಟಲಿಗೆ ಬಂತು. ನಾನು ಮುಖ ತಿರುಗಿಸಲಿಲ್ಲ. ಕಣ್ಣು ಮುಚ್ಚಿ ಒಳಗೆ ಎಳೆದುಕೊಂಡೆ. ನಮ್ಮ ಕಟ್ಟೆಯ ಮೇಲೆ ಕೆನ್ನೆ ಉಬ್ಬಿಸಿ ಕೂತ ಅಣ್ಣ ಕಂಡ, ನಾನು ನಗಿಸುತ್ತೇನೋ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಎದೆ ಉರಿಯುವವರೆಗೂ ಹಿಡಿದುಕೊಂಡು ಊದಿದೆ. ಕಿವಿಯಲ್ಲಿ ಮಿಲ್ಲಿನ ಸೈರನ್ ಕೂಗಿದ ಹಾಗಾಯಿತು, ತಲೆ ಸುತ್ತಿತು, ಮತ್ತೆ ಊದಿದೆ. ದಾರ ಬಿಗಿದು, ಕೊಳವೆ ಮಡಚಿ, ಅವನು ಹೇಳುತ್ತಾ ಹೋದ ಹಾಗೆ ಲೇಸು ಹೊಲಿದೆ. ಚೆಂಡು ಕಲ್ಲಾಗಲಿಲ್ಲ, ಆದರೆ ಚೆಂಡಾಯಿತು.

"ಅವ್ವಾರಿಗೆ ಹೇಳಬ್ಯಾಡ," ಎಂದು ಬಾಗಿಲವರೆಗೂ ಅವನ ದನಿ ಹಿಂದೆ ಬಂತು. "ಅವ್ರು ತಡಕೊಳ್ಳಂಗಿಲ್ಲ."

ಮರುದಿನ ಬೆಳಿಗ್ಗೆ ಅವ್ವನನ್ನು ಕರೆತಂದೆವು. ಸ್ನಾನ ಮಾಡಿಸಿದೆ. ಅವಳು ಗೋಡೆ ಹಿಡಿದುಕೊಂಡು ಸೀದಾ ಗೂಡಿಗೆ ಹೋದಳು. ನಾನು ಹಿಂದೆ ನಿಂತೆ, ಬಿದ್ದರೆ ಹಿಡಿಯಲು. ಅವಳು ಚೆಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೆಬ್ಬೆರಳು ಒತ್ತಿದಳು. ಒತ್ತಿದ ಹಾಗೇ ನಿಂತಳು. ಆಮೇಲೆ ಲೇಸಿನ ಗಂಟಿನ ಮೇಲೆ ಬೆರಳಾಡಿಸಿದಳು. ಮೂಗಿನ ಹತ್ತಿರ ತಂದು ಮೂಸಿದಳು.

"ಅವನು ಅದಾನಲ್ಲ?" ಎಂದಳು.

"ಯಾರವ್ವಾ?"

"ಹರಿಹರದವನು. ಜೀವ ಐತಲ್ಲ ಅವನಿಗೆ?"

"ಐತೆ. ಎದೆ ಕೆಟ್ಟೈತೆ. ಮಲಗ್ಯಾನೆ."

ಅವ್ವ ಚೆಂಡನ್ನು ಎದೆಗೆ ಒತ್ತಿಕೊಂಡಳು. "ಈ ಗಂಟು ಅವಂದಲ್ಲ. ಇದರಾಗೆ ಅವಂದು ಏನಾದ್ರೂ ಐತೇನು?"

"ಒಂದು ಉಸಿರು ಐತೆ. ಉಳಿದದ್ದು ನಂದು."

"ಬಾಯಿ ತೊಳಕೊಂಡು ಊದಿದ್ಯೋ ಇಲ್ಲೋ?"

ಆಗ ನನಗೆ ಹಿತ್ತಲ ತಂಬಿಗೆ ಕಣ್ಣಮುಂದೆ ಬಂತು. ಗೋಲ್‌ಕೀಪರನ ಬೀಡಿ ಸೇದುವ ಬಾಯಿ, ಬೀಡಿ ಮುಟ್ಟದ ಮಗನ ಚೆಂಡು, ಮುಕ್ಕಳಿಸಲು ಇಟ್ಟ ನೀರು. ದಿನಾ ಮುಟ್ಟುವ ಕೈಗೆ ಚೆಂಡು ಇಳಿಯುವುದೂ ಏರುವುದೂ ತಿಳಿಯದೆ ಇರುತ್ತದೆಯೇ? ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ಗೊತ್ತಿತ್ತೇನವ್ವಾ ನಿನಗೆ? ಮತ್ತೆ ಒಂದು ದಿನಾನಾದ್ರೂ ಯಾಕ ಬಾಯಿ ಬಿಡ್ಲಿಲ್ಲ?"

"ಗೊತ್ತೈತೆ ಅಂದಿದ್ರೆ ಅವನು ಬರೋದು ಬಿಡ್ತಿದ್ದ," ಎಂದಳು. "ಇಬ್ರನ್ನೂ ಕಳಕೊಳ್ಳೋಕೆ ನನ್ನಿಂದ ಆಗ್ತಿರ್ಲಿಲ್ಲ."

ಚೆಂಡನ್ನು ತಡವರಿಸಿ ಮತ್ತೆ ಗೂಡಿನಲ್ಲಿಟ್ಟಳು, ಲೇಸಿನ ಬದಿ ಗೋಡೆಗೆ ಬರುವ ಹಾಗೆ. ಆಮೇಲೆ ನಾನಿದ್ದ ಕಡೆಗೆ ಕುರುಡುಗಣ್ಣು ತಿರುಗಿಸಿದಳು.

"ನಾಳೆ ನನ್ನ ಹರಿಹರಕ್ಕೆ ಕರಕೊಂಡು ಹೋಗು. ಈಗ ಏಳು, ಹಾಲು ಕಾಸು, ಮೆಣಸು ಕುಟ್ಟಿ ಹಾಕು. ಅಣ್ಣನ ಲೋಟದಾಗೆ ಕುಡಿ. ಊದಿದವ್ರಿಗೆ ಎದೆ ಒಣಗ್ತೈತೆ."